ಚಳಿ ಶುರುವಾದ ಮೇಲೆ ಎಸ್‌ಟಿಪಿಯಲ್ಲಿ ಅಮೋನಿಯ ಇಳಿಯುತ್ತಿಲ್ಲ

ಪ್ರಶ್ನೆ:
ನಮಸ್ಕಾರ. ಮಡಿಕೇರಿ ಹತ್ತಿರದ ಒಂದು ರೆಸಾರ್ಟ್‌ನ ಎಸ್‌ಟಿಪಿ (ಕೊಳಚೆ ನೀರು ಶುದ್ಧೀಕರಣ ಘಟಕ) ನೋಡಿಕೊಳ್ಳುತ್ತಿದ್ದೇನೆ. ಎಂಬಿಬಿಆರ್ ಮಾದರಿ, ಅಂದರೆ ಟ್ಯಾಂಕಿನಲ್ಲಿ ಓಡಾಡುವ ಪ್ಲಾಸ್ಟಿಕ್ ತುಣುಕುಗಳ (ಮೀಡಿಯಾ) ಮೇಲೆ ಬ್ಯಾಕ್ಟೀರಿಯಾ ಬೆಳೆಯುವ ಬಗೆ. ಟ್ಯಾಂಕ್ ನೆಲದ ಮೇಲಿದೆ. ನವೆಂಬರ್ ತನಕ ಹೊರಹೋಗುವ ನೀರಲ್ಲಿ ಅಮೋನಿಯ ಲೀಟರಿಗೆ 4 ಮಿ.ಗ್ರಾಂ ದಾಟುತ್ತಿರಲಿಲ್ಲ. ಈಗ 18. ಬಿಒಡಿ (ನೀರಲ್ಲಿರುವ ಸಾವಯವ ಕೊಳೆಯ ಅಳತೆ) ಮಾತ್ರ ಸರಿಯಾಗಿದೆ, ನೀರೂ ತಿಳಿಯಾಗಿದೆ. ಬೆಳಗ್ಗೆ ಟ್ಯಾಂಕ್ ನೀರು 16 ಡಿಗ್ರಿ, ಡಿಒ (ನೀರಲ್ಲಿ ಕರಗಿರುವ ಆಮ್ಲಜನಕ) 2.5. ಮೀಡಿಯಾ ತೆಗೆದು ತೊಳೆದು ಹೊಸ ಬ್ಯಾಕ್ಟೀರಿಯಾ ಕಲ್ಚರ್ ಪುಡಿ ಹಾಕಿ ಅಂತಿದ್ದಾರೆ. ಹಾಕಲಾ?

ಉತ್ತರ:
ದಯವಿಟ್ಟು ಮೀಡಿಯಾ ತೊಳೆಯಬೇಡಿ ಸರ್. ನಿಮಗೆ ಬೇಕಾದ ಬ್ಯಾಕ್ಟೀರಿಯಾ ಇರುವುದೇ ಅದರ ಮೇಲೆ. ಬಿಒಡಿ ತಿನ್ನುವವು ಬೇಗ ಬೆಳೆಯುತ್ತವೆ, ಚಳಿ ತಡೆದುಕೊಳ್ಳುತ್ತವೆ. ಅಮೋನಿಯ ತಿನ್ನುವವು ಮೊದಲೇ ನಿಧಾನ. ನೀರು 10 ಡಿಗ್ರಿ ತಣ್ಣಗಾದರೆ ಅವುಗಳ ಕೆಲಸ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ. ಸತ್ತಿಲ್ಲ, ಮಂದವಾಗಿವೆ ಅಷ್ಟೇ. ತೊಳೆದರೆ ಈ ಚಳಿಯಲ್ಲಿ ಮತ್ತೆ ಬೆಳೆಯಲು ವಾರಗಟ್ಟಲೆ ಬೇಕು. ಪುಡಿಗೆ ಸುಮ್ನೆ ದುಡ್ಡು ಸುರಿಯಬೇಡಿ.

ಒಂದು ಹಿಡಿ ಮೀಡಿಯಾ ತೆಗೆದು ತೂತುಗಳ ಒಳಗೆ ನೋಡಿ. ತೆಳ್ಳಗೆ ಕಂದು ಪದರ ಇದ್ದರೆ ಒಳ್ಳೆಯದು. ದಪ್ಪಗೆ, ಬೂದು ಬಣ್ಣದ, ನಾರುವ ಲೋಳೆ ಇದ್ದರೆ ಬಿಒಡಿ ಹೊರೆ ಜಾಸ್ತಿ ಅಂತ ಅರ್ಥ. ಆಗ ಅಮೋನಿಯ ತಿನ್ನುವವಕ್ಕೆ ಗಾಳಿ ಸಿಗಲ್ಲ.

ಬ್ಲೋವರ್ (ಗಾಳಿ ಊದುವ ಯಂತ್ರ) ಹೆಚ್ಚಿಸಿ ಡಿಒ 4–5ಕ್ಕೆ ತನ್ನಿ. ಲೋಳೆಯ ಒಳಗೆ ಗಾಳಿ ಇಳಿದಷ್ಟೂ ಅವು ಚುರುಕಾಗುತ್ತವೆ. ತಣ್ಣೀರಲ್ಲಿ ಆಮ್ಲಜನಕ ಜಾಸ್ತಿ ಕರಗುತ್ತದೆ, ಅದೊಂದು ಅನುಕೂಲ. ಆಲ್ಕಲಿನಿಟಿ (ಆಮ್ಲವನ್ನು ತಡೆದುಕೊಳ್ಳುವ ನೀರಿನ ಶಕ್ತಿ) ಎಷ್ಟಿದೆ?

ಪ್ರಶ್ನೆ ಕೇಳಿದವರು:
ಪದರ ತೆಳ್ಳಗೆ, ಕಂದು. ಹೊರಹೋಗುವ ನೀರಿನ ಆಲ್ಕಲಿನಿಟಿ 60, ಪಿಎಚ್ 6.6. ದಿನಕ್ಕೆ 40 ಸಾವಿರ ಲೀಟರ್.

ಉತ್ತರ:
ಹಾಗಾದರೆ ಚಳಿ ಒಂದೇ ಕಾರಣ ಅಲ್ಲ. 1 ಗ್ರಾಂ ಅಮೋನಿಯ ಸಾರಜನಕಕ್ಕೆ ಸುಮಾರು 7 ಗ್ರಾಂ ಆಲ್ಕಲಿನಿಟಿ ಖರ್ಚಾಗುತ್ತದೆ. ಇನ್ನೂ 14 ಮಿ.ಗ್ರಾಂ ಇಳಿಸಬೇಕು ಅಂದರೆ ಲೀಟರಿಗೆ 100 ಮಿ.ಗ್ರಾಂ ಬೇಕು, ನಿಮ್ಮಲ್ಲಿ ಉಳಿದಿರುವುದೇ 60. ಕೆಲಸ ಮುಗಿದ ಮೇಲೂ 100ರಷ್ಟು ಉಳಿದಿರಬೇಕು, ಅಂದರೆ ಲೀಟರಿಗೆ 140 ಮಿ.ಗ್ರಾಂ ಸೇರಿಸಬೇಕು. ಲೆಕ್ಕ ಹಾಕಿದರೆ ದಿನಕ್ಕೆ ಸುಮಾರು 9–10 ಕೆಜಿ ಅಡುಗೆ ಸೋಡಾ ಬರುತ್ತದೆ. ಮೊದಲು ಅರ್ಧದಿಂದ ಶುರು ಮಾಡಿ. ನೀರಲ್ಲಿ ಕರಗಿಸಿ, ದಿನವಿಡೀ ಸ್ವಲ್ಪ ಸ್ವಲ್ಪವೇ ಬಿಡಿ. ಸುಣ್ಣ ಬೇಡ, ಪಿಎಚ್ ಒಮ್ಮೆಲೇ ಏರಿಬಿಡುತ್ತದೆ.

ವಾರಾಂತ್ಯದ ಗಿರಾಕಿಗಳ ಹೊರೆ ಒಟ್ಟಿಗೆ ಬೀಳದ ಹಾಗೆ ಈಕ್ವಲೈಸೇಶನ್ ಟ್ಯಾಂಕಿನಿಂದ (ಕೊಳಚೆ ನೀರು ಮೊದಲು ಕೂಡಿಡುವ ಟ್ಯಾಂಕ್) ರಾತ್ರಿಗೂ ಹಂಚಿ ಪಂಪ್ ಮಾಡಿ. ಟ್ಯಾಂಕಿನ ಗೋಡೆಗೆ ಥರ್ಮೋಕೋಲ್ ಹಾಳೆ ಕಟ್ಟಿ. ಅಮೋನಿಯ ದಿನಾ ಒಂದೇ ಹೊತ್ತಿಗೆ ಅಳೆದು ಬರೆದಿಡಿ. ಇಳಿಯಲು ಶುರುವಾದರೂ ಡಿಒ ಕಡಿಮೆ ಮಾಡಬೇಡಿ, ನೀರು 20 ಡಿಗ್ರಿ ದಾಟುವ ತನಕ ಹಾಗೇ ಇರಲಿ.