ಮಕ್ಕಳ ಜ್ವರದ ಮಾಹಿತಿ: ಡೋಸ್ ಹೇಗೆ ಬರೆಯೋದು?

ಪ್ರಶ್ನೆ: ತೀರ್ಥಹಳ್ಳಿ, ಸಾಗರದ ಕಡೆಯ ಮನೆಗಳಿಗಾಗಿ ಮಕ್ಕಳ ಜ್ವರದ ಮಾಹಿತಿ ಬರೆಯುತ್ತಿದ್ದೇವೆ. ಪ್ಯಾರಾಸಿಟಮಾಲ್ ‘ಒಂದು ಚಮಚ’ ಅಂದರೆ ಸಾಕಾ? ಪ್ರಕಟಿಸುವ ಮುಂಚೆ ಯಾರಿಗೆ ತೋರಿಸಬೇಕು?

ಉತ್ತರ 1: ಚಮಚದ ಲೆಕ್ಕ ಬೇಡವೇ ಬೇಡ. ಸಿರಪ್ 5 ಎಂಎಲ್‌ಗೆ 125 ಮಿಗ್ರಾಂನದ್ದೂ ಇದೆ, 250ರದ್ದೂ ಇದೆ. ಬಾಟಲಿ ಬದಲಾದರೆ ಅದೇ ಚಮಚದಲ್ಲಿ ಡೋಸ್ ದುಪ್ಪಟ್ಟು. ತೂಕದ ಮೇಲೆ ಬರೆಯಿರಿ: ಸಲಕ್ಕೆ ಕೆಜಿಗೆ 10ರಿಂದ 15 ಮಿಗ್ರಾಂ. 10 ಕೆಜಿ ಮಗುವಿಗೆ ಹೆಚ್ಚೆಂದರೆ 150 ಮಿಗ್ರಾಂ, ಅಂದರೆ 125ರ ಸಿರಪ್ಪಾದರೆ 6 ಎಂಎಲ್, 250ರದ್ದಾದರೆ 3. ಎರಡು ಡೋಸ್ ನಡುವೆ 4ರಿಂದ 6 ಗಂಟೆ, 24 ಗಂಟೆಯಲ್ಲಿ ನಾಲ್ಕಕ್ಕಿಂತ ಹೆಚ್ಚಿಲ್ಲ. ಮೂರು ತಿಂಗಳೊಳಗಿನ ಕೂಸಿಗೆ ಜ್ವರ ಬಂದರೆ ಡೋಸೇ ಬರೆಯಬೇಡಿ, ನೇರ ಆಸ್ಪತ್ರೆಗೆ ಅನ್ನಿ.

ಉತ್ತರ 2: ನಮ್ಮ ಕಡೆ ಮಂಗನ ಕಾಯಿಲೆ ಬಿಟ್ಟು ಜ್ವರದ ಬಗ್ಗೆ ಬರೆಯೋ ಹಾಗಿಲ್ಲ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಲ್ಲೇ ಅಲ್ವಾ ಪತ್ತೆಯಾಗಿದ್ದು. ಇದರಲ್ಲೂ ಡೆಂಗಿಯಲ್ಲೂ ರಕ್ತಸ್ರಾವದ ಭಯ, ಹಾಗಾಗಿ ಐಬುಪ್ರೊಫೆನ್, ಆಸ್ಪಿರಿನ್ ಬೇಡ ಅಂತ ಮೇಲುಗಡೆಯೇ ಹಾಕಿ. ಮಂಗನ ಕಾಯಿಲೆಯ ಹಳೇ ಲಸಿಕೆ ಹಾಕಿಸಿಕೊಳ್ಳಿ ಅನ್ನೋ ಬರಹಗಳು ಇನ್ನೂ ಓಡಾಡ್ತಿವೆ, ಆ ಲಸಿಕೆ ನಿಂತುಹೋಗಿದೆ. ಪರಿಶೀಲಿಸಿದ ದಿನಾಂಕ ಇಲ್ಲದ ಬರಹವನ್ನು ನಂಬೋದು ಹೇಗೆ?

ಉತ್ತರ 3: ಮಕ್ಕಳ ತಜ್ಞರಿಗೆ ತೋರಿಸಿ, ಅವರ ಹೆಸರು, ಪದವಿ ಹಾಕಿ. ಅಂಕಿಗಳನ್ನು ಬರೆದವರಲ್ಲದೆ ಇನ್ನೊಬ್ಬರು ಮೂಲದೊಂದಿಗೆ ತಾಳೆ ನೋಡಲಿ, 2.5 ಹೋಗಿ 25 ಆಗೋದು ಅಲ್ಲೇ. ಆಮೇಲೆ ಆಶಾ ಕಾರ್ಯಕರ್ತೆಯೊಬ್ಬರಿಂದ ಗಟ್ಟಿಯಾಗಿ ಓದಿಸಿ. ಅವರು ತಡವರಿಸಿದ ವಾಕ್ಯವನ್ನು ಮತ್ತೆ ಬರೆಯಿರಿ.