ಇಬ್ರಾಹಿಮೊವಿಚ್‌ಗೆ ಲೀಗ್ ಪ್ರಶಸ್ತಿ 12 ಅಥವಾ 14?

ಪ್ರಶ್ನೆ: ಸ್ವೀಡನ್‌ನ ಫುಟ್‌ಬಾಲ್ ಆಟಗಾರ ಜ್ಲಾಟನ್ ಇಬ್ರಾಹಿಮೊವಿಚ್ ಗೆದ್ದ ಲೀಗ್ ಪ್ರಶಸ್ತಿಗಳ ಲೆಕ್ಕ ಒಂದೊಂದು ಕಡೆ ಒಂದೊಂದು ಥರ ಇದೆ. ಯಾವುದು ಸರಿ? ಬಾರ್ಸಿಲೋನಾದಲ್ಲಿ ಒಂದೇ ಸೀಸನ್‌ಗೆ ಹೊರಬಿದ್ದಿದ್ದು ಯಾಕೆ?

ಉತ್ತರ 1: ವ್ಯತ್ಯಾಸ ಇರುವುದು ಇಟಲಿಯ ಕ್ಲಬ್ ಯುವೆಂಟಸ್‌ನಲ್ಲಿ. 2004-05 ಮತ್ತು 2005-06ರ ಪ್ರಶಸ್ತಿಗಳನ್ನು ಕಾಲ್ಚೋಪೊಲಿ ಹಗರಣದ (ರೆಫರಿಗಳ ನೇಮಕದಲ್ಲಿ ಕ್ಲಬ್ ಅಧಿಕಾರಿಗಳು ಕೈಯಾಡಿಸಿದ ಪ್ರಕರಣ) ನಂತರ ಕಿತ್ತುಕೊಂಡರು. ಅವನ್ನು ಬಿಟ್ಟರೆ ಅಯಾಕ್ಸ್ 2, ಇಂಟರ್ 3, ಬಾರ್ಸಿಲೋನಾ 1, ಮಿಲಾನ್ 2 (2010-11, 2021-22), ಪಿಎಸ್‌ಜಿ (ಪ್ಯಾರಿಸ್ ಸೇಂಟ್ ಜರ್ಮೈನ್) 4. ಒಟ್ಟು 12. ಆಟಗಾರರ ತಪ್ಪಲ್ಲ ಅನ್ನುವವರು 14 ಎನ್ನುತ್ತಾರೆ. ಅಧಿಕೃತ ದಾಖಲೆಯಲ್ಲಿರುವುದು ಮಾತ್ರ 12.

ಉತ್ತರ 2: ಬಾರ್ಸಾದಲ್ಲಿ ಸೋತರು ಅನ್ನುವುದು ಅರ್ಧಸತ್ಯ. ಮೊದಲ ಐದು ಲೀಗ್ ಪಂದ್ಯಗಳಲ್ಲೂ ಗೋಲು, 2009ರ ನವೆಂಬರ್‌ನಲ್ಲಿ ರಿಯಲ್ ಮ್ಯಾಡ್ರಿಡ್ ವಿರುದ್ಧ 1-0 ಗೆಲುವಿನ ಗೋಲೂ ಅವರದೇ. ಲೀಗ್‌ನಲ್ಲಿ ಒಟ್ಟು 16. ತೊಡಕಾಗಿದ್ದು ಜಾಗ. ಮೆಸ್ಸಿ ಬಲಬದಿಯಿಂದ ನಡುವಿಗೆ ಬಂದಾಗ, ಅಲ್ಲೇ ಗೋಲಿಗೆ ಬೆನ್ನು ಕೊಟ್ಟು ಚೆಂಡು ಹಿಡಿಯುವ ಎತ್ತರದ ಫಾರ್ವರ್ಡ್ ಜ್ಲಾಟನ್‌ರಿಂದ ದಾರಿ ಮುಚ್ಚುತ್ತಿತ್ತು. ಕೋಚ್ ಗ್ವಾರ್ಡಿಯೋಲಾ ಮೆಸ್ಸಿಯನ್ನೇ ಆರಿಸಿದರು. ಜೊತೆಗೆ ಕೋಚ್ ಮತ್ತು ಜ್ಲಾಟನ್ ನಡುವೆ ಮುನಿಸು, ಮಾತಿಲ್ಲದ ಸ್ಥಿತಿ ಬೇರೆ.

ಉತ್ತರ 3: ವ್ಯವಹಾರದ ಕಡೆಯಿಂದ ನೋಡಿದರೆ ಇನ್ನೂ ಕಹಿ. ಜ್ಲಾಟನ್‌ರನ್ನು ಕೊಳ್ಳಲು ಬಾರ್ಸಾದ ಫಾರ್ವರ್ಡ್ ಎಟೊ ಜೊತೆಗೆ ಸುಮಾರು 46 ದಶಲಕ್ಷ ಯೂರೋ ಇಂಟರ್‌ಗೆ ಹೋಯಿತು. ಅದೇ ಎಟೊ ಇದ್ದ ಇಂಟರ್, 2010ರ ಚಾಂಪಿಯನ್ಸ್ ಲೀಗ್ ಸೆಮಿಫೈನಲ್‌ನಲ್ಲಿ ಬಾರ್ಸಾವನ್ನು ಮನೆಗೆ ಕಳಿಸಿ ಕಪ್ ಎತ್ತಿತು. ಜ್ಲಾಟನ್ ಮಿಲಾನ್‌ಗೆ ಹೋದದ್ದು ಮೊದಲು ಎರವಲಾಗಿ, ಬಳಿಕ 24 ದಶಲಕ್ಷಕ್ಕೆ. ಚಾಂಪಿಯನ್ಸ್ ಲೀಗ್ ಅವರಿಗೆ ಕೊನೆಗೂ ದಕ್ಕಲಿಲ್ಲ.

ಉತ್ತರ 2 (ಮತ್ತೆ): ಗೋಲುಗಳ ವಿಷಯಕ್ಕೆ ಬಂದರೆ ಪಿಎಸ್‌ಜಿ ಕಾಲವೇ ಶಿಖರ: 180 ಪಂದ್ಯ, 156 ಗೋಲು. 2015-16ರ ಲೀಗ್‌ನಲ್ಲೇ 38, ಅದೂ 34ರ ವಯಸ್ಸಿನಲ್ಲಿ!