ಹಡಗು ‘ನೆಲಕಚ್ಚಿತು’ ಅನ್ನಬಹುದಾ? ‘ಅಂಜುದೀವ್’ನಲ್ಲಿ ಅಂಜು ಯಾರು?

ಎಲ್ಲರಿಗೂ ನಮಸ್ಕಾರ. ನಾನಿರೋದು ಬಂಗಾರಪೇಟೆಯಲ್ಲಿ. ನಮಗೆ ನೀರು ಅಂದರೆ ಕೆರೆ, ದುರ್ಗ ಅಂದರೆ ಬೆಟ್ಟ. ಸಮುದ್ರ ನೋಡಬೇಕಾದರೆ ರಾತ್ರಿ ಬಸ್ಸು ಹತ್ತಬೇಕು. ಹೀಗಿರುವಾಗ ಮಕ್ಕಳ ಭಾನುವಾರದ ಓದಿಗೆ ಅಂತ ಕಾರವಾರದ ಎದುರಿನ ಅಂಜುದೀವ್ ದ್ವೀಪದ ಮೇಲೆ ನಾಲ್ಕು ಪುಟ ಬರೆಯಲು ಕೂತೆ. ಚಿಕ್ಕ ದ್ವೀಪ, ಅದರ ಮೇಲೆ ಹಳೇ ಕೋಟೆ. ಕೋಟೆಯ ಕತೆ ಸಲೀಸಾಗಿ ಬಂತು. 1505ರಲ್ಲಿ ಪೋರ್ಚುಗೀಸರ ವೈಸರಾಯ್ ಅಲ್ಮೇಡಾ ಕಟ್ಟಿಸಿದ, ಮರುವರ್ಷ ಅವರೇ ಕೆಡವಿದರು, 1682ರಲ್ಲಿ ಮತ್ತೆ ಬಂದು ಕಟ್ಟಿದರು. ಕೈ ನಿಂತದ್ದು ಹಡಗುಗಳ ಹತ್ತಿರ ಬಂದಾಗ.

2006ರಲ್ಲಿ ‘ಓಷನ್ ಸೆರಾಯಾ’ ಎಂಬ ಪನಾಮಾ ಬಾವುಟದ ಹಡಗು ಕಾರವಾರದ ಹತ್ತಿರ ಬಂಡೆಗಳಿಗೆ ಸಿಕ್ಕಿಕೊಂಡಿತು. ಅದರ ಎಣ್ಣೆ ಗೋವಾದ ದಡದವರೆಗೂ ಹೋಯಿತು. ನಾನು ಜಾಣತನ ಮಾಡಿ ‘ಹಡಗು ನೆಲಕಚ್ಚಿತು’ ಅಂತ ಬರೆದೆ. ತಳ ಹೋಗಿ ನೆಲವನ್ನೇ ಕಚ್ಚಿದೆ, ಇದಕ್ಕಿಂತ ಸರಿಯಾದ ಮಾತು ಇದೆಯಾ ಅಂದುಕೊಂಡೆ. ಓದಿದ ನನ್ನ ಹೆಂಡತಿ ಕೇಳಿದಳು, “ಯಾವ ಮಂಡಿಯಲ್ಲಿ?”

ಅವಳದ್ದೇನೂ ತಪ್ಪಿಲ್ಲ. ಕೋಲಾರ ಸೀಮೆಯಲ್ಲಿ ನೆಲಕಚ್ಚೋದು ಒಂದೇ, ಟೊಮೆಟೊ ರೇಟು. ಆ ಮಾತನ್ನು ಮಾರುಕಟ್ಟೆ ಎಂದೋ ಕಿತ್ತುಕೊಂಡುಬಿಟ್ಟಿದೆ.

ಸರಿ, ‘ಹಡಗು ಒಡೆಯಿತು’ ಅಂತ ತಿದ್ದಿದೆ. ಮಕ್ಕಳ ಮುಂದೆ ಓದಿದಾಗ ಒಬ್ಬ ಹುಡುಗ, “ನೀರೆಲ್ಲ ಹೊರಗೆ ಹೋಯ್ತಾ?” ಅಂದ. ನಮ್ಮ ಕಡೆ ಒಡೆಯೋದು ಕೆರೆ, ಏರಿ ಬಿರಿದು ನೀರು ಹೊರಗೆ ನುಗ್ಗುತ್ತೆ. 2021ರ ನವೆಂಬರ್ ಮಳೆಯಲ್ಲಿ ಕೆರೆಗಳು ಕೋಡಿ ಹರಿದಾಗ ಊರವರೆಲ್ಲ ‘ಒಡೀತದಾ, ಒಡೀತದಾ’ ಅಂತ ಏರಿ ಮೇಲೆ ನಿಂತಿದ್ದನ್ನು ಅವನೂ ನೋಡಿದ್ದಾನೆ. ಹಡಗು ಒಡೆದರೆ ನೀರು ಒಳಗೆ ಬರುತ್ತೆ. ಅದೇ ಕ್ರಿಯಾಪದ, ನೀರಿನ ದಿಕ್ಕು ಮಾತ್ರ ಉಲ್ಟಾ!

‘ಮಗುಚಿತು’ ಅನ್ನೋದು ಹರಿಗೋಲಿಗೆ ಸರಿ. ಬಂಡೆಗೆ ಸಿಕ್ಕ ಹಡಗು ಮಗುಚಿಲ್ಲವಲ್ಲ. ‘ನೌಕಾಘಾತ’, ‘ನೌಕಾಭಂಗ’ ಅಂತ ಬರೆಯಬಹುದು, ಆದರೆ ಮೊದಲನೆಯದು ಹೃದಯಾಘಾತದ ತಮ್ಮನ ಹಾಗೆ ಕೇಳುತ್ತೆ. ಎರಡನೆಯದನ್ನು ಬಾಯಲ್ಲಿ ಯಾರೂ ಅಂದದ್ದು ನಾನು ಕೇಳಿಲ್ಲ.

ಇನ್ನೊಂದು ತೊಡಕು ವಾಸ್ಕೋ ಡ ಗಾಮನದು. 1498ರಲ್ಲಿ ಕಲ್ಲಿಕೋಟೆಯಿಂದ ವಾಪಸ್ಸು ಹೋಗುವಾಗ ಅವನು ಅಂಜುದೀವಿನಲ್ಲಿ ತಂಗಿದ. ಹಡಗನ್ನು ದಡಕ್ಕೆ ಎಳೆದು, ಮಗ್ಗುಲಿಗೆ ವಾಲಿಸಿ, ತಳಕ್ಕೆ ಹತ್ತಿದ ಪಾಚಿ, ಚಿಪ್ಪು ಎಲ್ಲ ಕೆರೆದು ತೆಗೆದರು. ಈ ಕೆಲಸಕ್ಕೆ ಕರಾವಳಿಯಲ್ಲಿ ಒಂದೇ ಪದ ಇರಲೇಬೇಕು, ಇಲ್ಲದಿದ್ದರೆ ದಿನಾ ಇಷ್ಟುದ್ದ ಹೇಳಿಕೊಂಡು ಯಾರು ಕೆಲಸ ಮಾಡ್ತಾರೆ? ಅಲ್ಲೇ ಅವರು ಹಿಡಿದಿದ್ದ ಒಂದು ಹಡಗನ್ನು ಕೊಳ್ಳಲು ಯಾರೋ ಬಂದು 1000 ಫನಂ ಕೊಡ್ತೀವಿ ಅಂದರು. ಈ ಫನಂ ಬೇರೆ ಏನೂ ಅಲ್ಲ, ತಮಿಳಿನ ಪಣಂ, ನಮ್ಮ ಹಣ. ಶತ್ರುವಿನ ಹಡಗು, ಮಾರಲ್ಲ, ಸುಡ್ತೀನಿ ಅಂದ ಗಾಮ. ಆ ದ್ವೀಪದಲ್ಲಿ ಹಾಳಾದ ಹಡಗುಗಳ ಸಾಲಿಗೆ ಇದನ್ನೂ ಸೇರಿಸಬೇಕು, ಆದರೆ ಇದು ಒಡೆದದ್ದೂ ಅಲ್ಲ, ಮುಳುಗಿದ್ದೂ ಅಲ್ಲ.

ಹಡಗಿಗೇನೂ ಆಗದೆ ಜನರೇ ಹಾಳಾದ ಕತೆಯೂ ಅಲ್ಲಿದೆ. ಪೋರ್ಚುಗೀಸ್ ರಾಜಕುಮಾರಿಯ ಮದುವೆಯಲ್ಲಿ ಬೊಂಬಾಯಿ ಇಂಗ್ಲೆಂಡಿನ ರಾಜನಿಗೆ ವರದಕ್ಷಿಣೆಯಾಗಿ ಹೋಯಿತಲ್ಲ, ಅದನ್ನು ವಹಿಸಿಕೊಳ್ಳಲು 1662ರಲ್ಲಿ ಅಬ್ರಹಾಂ ಶಿಪ್‌ಮನ್ ಎಂಬ ಇಂಗ್ಲಿಷ್ ಅಧಿಕಾರಿಯ ಜೊತೆ ಸೈನಿಕರು ಬಂದರು. ಬೊಂಬಾಯಿಯ ಪೋರ್ಚುಗೀಸರು ಕೊಡಲ್ಲ ಅಂದರು. ಕರೆತಂದ ಹಡಗುಗಳು ಹೊರಟುಹೋದವು. ಇವರು ಅಂಜುದೀವಿನಲ್ಲಿ ಇಳಿದು ಎರಡು ವರ್ಷಕ್ಕೂ ಮೇಲೆ ಕಾದರು. ಜ್ವರ, ಭೇದಿ ಬಂದು ಹೆಚ್ಚಿನವರು ಸತ್ತರು, 1664ರಲ್ಲಿ ಶಿಪ್‌ಮನ್ ಕೂಡ. 1665ರಲ್ಲಿ ಬೊಂಬಾಯಿ ಮುಟ್ಟಿದವರು ನೂರರ ಆಸುಪಾಸು. ಇಲ್ಲಿ ಮಾತ್ರ ಪದ ಹುಡುಕಬೇಕಾಗಲಿಲ್ಲ, ‘ನಡುನೀರಿನಲ್ಲಿ ಕೈಬಿಟ್ಟರು’ ಅಂತ ಬರೆದೆ. ಅಕ್ಷರಕ್ಷರ ಸರಿಹೋಯಿತು.

ಈಗ ಹೆಸರಿನ ವಿಷಯ. ಕನ್ನಡದ ಕಿವಿಗೆ ಅಂಜು ಅಂದರೆ ಹೆದರು. ಮಕ್ಕಳೂ ಮೊದಲು ಹಾಗೇ ತಿಳಿದರು, ಹೆದರಿಸುವ ದ್ವೀಪ. ಕೆಜಿಎಫ್ ಕಡೆಯಿಂದ ಬರುವ ಹುಡುಗಿ ಒಬ್ಬಳು, ಮನೆಮಾತು ತಮಿಳು, “ಅಂಜು ಅಂದ್ರೆ ಐದಲ್ವಾ ಸಾರ್?” ಅಂದಳು. ಪಕ್ಕದಲ್ಲಿ ಕೂತ ತೆಲುಗು ಮನೆಯ ಹುಡುಗ, “ದೀವಿ ಅಂದ್ರೆ ದ್ವೀಪ” ಅಂದ. ದೊಡ್ಡವರು ಹೇಳುವ ‘ಐದು ದ್ವೀಪ’ ಅನ್ನುವ ಅರ್ಥ ಎರಡು ಬೆಂಚಿನಲ್ಲಿ ಮುಗಿದುಹೋಯಿತು. ಕೂರ್ಮಗಡ, ದೇವಗಡ ಎಲ್ಲ ಸೇರಿಸಿ ಅಲ್ಲಿ ಐದು ದ್ವೀಪ ಎಣಿಸುವವರೂ ಇದ್ದಾರೆ. ದೀವಿ ನಮಗೂ ಹೊಸದಲ್ಲ. ದೀವಿ ಹಲಸು ಅಂತೀವಲ್ಲ, ಅದು ದೀಪದ ಹಲಸಲ್ಲ, ದ್ವೀಪದ ಹಲಸು. ಗುಜರಾತಿನ ಹತ್ತಿರದ ದೀವ್ ಕೂಡ ಇದೇ, ಅದೂ ಕೋಟೆಯ ದ್ವೀಪವೇ.

ಆದರೆ ನನಗೆ ‘ಐದು’ ಪೂರ್ತಿ ಒಪ್ಪಿಗೆಯಾಗಿಲ್ಲ. ಕಾರವಾರದ ಸುತ್ತ ಆಡೋದು ಕೊಂಕಣಿ, ಕನ್ನಡ. ಅಲ್ಲಿಗೆ ಅಂಜು ಅನ್ನೋ ಐದು ಎಲ್ಲಿಂದ ಬಂತು? ಮಲಬಾರಿನ ನಾವಿಕರು ತಂದಿರಬಹುದು ಅನ್ನೋದು ನನ್ನ ಊಹೆ ಅಷ್ಟೇ. ಆ ದ್ವೀಪದಲ್ಲಿದ್ದ ಆರ್ಯಾದುರ್ಗೆ, ಅಂದರೆ ಈಗ ಅಂಕೋಲೆಯಲ್ಲಿರುವ ದೇವಿ, ಅವಳ ಹೆಸರೇ ಸವೆದು ಅಂಜು ಆಯಿತು ಅನ್ನುವವರೂ ಇದ್ದಾರೆ. (ಅಂದಹಾಗೆ ಈಗ ನೌಕಾನೆಲೆಯ ಅಲೆತಡೆ ಗೋಡೆ ಆ ದ್ವೀಪವನ್ನು ದಡಕ್ಕೆ ಸೇರಿಸಿದೆ. ಇನ್ನೂ ದೀವಿ ಅನ್ನಬೇಕಾ ಅಂತಲೂ ಒಬ್ಬ ಕೇಳಿದ. ಸುಮ್ನೆ ಕೂರಪ್ಪ ಅಂದೆ.)

ಅಂಕೋಲೆ, ಕಾರವಾರ, ಹೊನ್ನಾವರದವರು ಹೇಳಬೇಕು. ಬಂಡೆಗೆ ಸಿಕ್ಕಿ ನಿಂತ ಹಡಗನ್ನು ದಡದಲ್ಲಿ ನಿಂತ ಮೀನುಗಾರರು ಏನು ಆಯಿತು ಅಂತಾರೆ? ಆಮೇಲೆ ಅಲ್ಲೇ ತುಕ್ಕು ಹಿಡಿಯುತ್ತಾ ಉಳಿಯುವ ಮೈಗೆ ಏನು ಹೆಸರು? ‘ಅವಶೇಷ’ ಬೇಡ, ಹಂಪೆ ನೆನಪಾಗುತ್ತೆ. ಪಾಳು ಬಾವಿ, ಪಾಳು ಮನೆ ಇರುವ ಹಾಗೆ ‘ಪಾಳು ಹಡಗು’ ಅಂತ ಸದ್ಯಕ್ಕೆ ಬರೆದಿದ್ದೇನೆ, ಪೆನ್ಸಿಲ್‌ನಲ್ಲಿ.